ಕುದ್ಮುಲ್ ರಂಗರಾಯರು: ಅವಮಾನಿತರ ಮನಸ್ಸಿಗೆ ಆಸರೆಯಾದವರು

ಕುದ್ಮುಲ್ ರಂಗರಾಯರ ಹೆಸರನ್ನು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಕೇಳದವರು ವಿರಳ. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ ಶಾಲೆ ತೆರೆದವರು, ಜಾತಿಯವರಿಂದ ಬಹಿಷ್ಕೃತರಾದವರು, ಗಾಂಧೀಜಿಯವರಿಗೂ ಮೊದಲೇ ಈ ಕಾರ್ಯಕ್ಕೆ ಇಳಿದವರು ಎಂಬಷ್ಟನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆ ಜೀವನವನ್ನು ಇನ್ನೊಂದು ಮಗ್ಗುಲಿನಿಂದ ನೋಡುವ ಅವಶ್ಯಕತೆ ಇಂದು ನಮಗಿದೆ. ಬಡತನವೂ ಅವಮಾನವೂ ಮನುಷ್ಯನ ಹೊಟ್ಟೆಯನ್ನು ಮಾತ್ರವಲ್ಲ, ಅವನ ಮನಸ್ಸನ್ನೂ ಕಾಡುತ್ತವೆ. ರಂಗರಾಯರು ವೈದ್ಯರಾಗಿರಲಿಲ್ಲ, ಮಾನಸಿಕ ಆರೋಗ್ಯ ಎಂಬ ಮಾತು ಅವರ ಕಾಲದ ಬಳಕೆಯಲ್ಲೂ ಇರಲಿಲ್ಲ. ಆದರೂ ಕುಗ್ಗಿದ ಮನಸ್ಸು ಮರಳಿ ತಲೆಯೆತ್ತಬೇಕಾದರೆ ಏನೇನು ಬೇಕು ಎಂಬುದನ್ನು ಅವರು ಕೆಲಸದ ಮೂಲಕವೇ ತೋರಿಸಿಕೊಟ್ಟರು. ಆ ದೃಷ್ಟಿಯಿಂದ ಅವರ ಬದುಕನ್ನು ಓದುಗ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ತಾಲೂಕಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ಜಾತಿಯಲ್ಲಿ ಮೇಲು, ಗಳಿಕೆಯಲ್ಲಿ ಬಡತನ. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಸಂಸಾರದ ಭಾರ ಹೊತ್ತ ಹುಡುಗ ಮಂಗಳೂರಿಗೆ ಬಂದು, ಅಲ್ಪ ಸಂಬಳದ ಶಿಕ್ಷಕ ವೃತ್ತಿ ಹಿಡಿದು, ಕಲಿಸುತ್ತಲೇ ತಾನೂ ಕಲಿತು, ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರು ಪಡೆದರು. ಒಲೆ ಉರಿಯದ ಮನೆಯ ಚಿಂತೆ ಹೇಗಿರುತ್ತದೆಂದು ಅವರು ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ರಂಗರಾಯರ ಬಡತನಕ್ಕೆ ಹೊರಬರುವ ಬಾಗಿಲೊಂದಿತ್ತು. ಅವರು ಶಾಲೆಯ ಮೆಟ್ಟಿಲು ಹತ್ತಬಹುದಿತ್ತು, ಊರ ಬಾವಿಯ ನೀರು ಸೇದಬಹುದಿತ್ತು, ರಸ್ತೆಯಲ್ಲಿ ತಲೆಯೆತ್ತಿ ನಡೆಯಬಹುದಿತ್ತು. ಅದೇ ಊರಿನ ಅಸ್ಪೃಶ್ಯರ ಬಡತನಕ್ಕೆ ಅಂಥ ಬಾಗಿಲಿರಲಿಲ್ಲ. ಕೊರಗ ಸಮುದಾಯದ ಒಂದು ವರ್ಗದವರು ಹಿಂದೆ ಉಗುಳು ನೆಲಕ್ಕೆ ಬೀಳದಂತೆ ಕುತ್ತಿಗೆಗೆ ಮಡಕೆ ಕಟ್ಟಿಕೊಂಡು ನಡೆಯಬೇಕಾಗಿತ್ತೆಂದು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ಗ್ರಂಥ ದಾಖಲಿಸುತ್ತದೆ. ಇತರರ ಕೆಡುಕು, ರೋಗ ನಿವಾರಣೆಯಾಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುವ ಅಜಲು ಪದ್ಧತಿ ನಮ್ಮ ಈ ನೆಲದಲ್ಲೇ ಇತ್ತು. ಅದನ್ನು ನಿಷೇಧಿಸಲು ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತೆಂದರೆ ಅದರ ಬೇರು ಎಷ್ಟು ಆಳವಾಗಿತ್ತೆಂದು ಊಹಿಸಬಹುದು. ಹುಟ್ಟಿದ ದಿನದಿಂದ ನೀನು ಕಲ್ಮಶ ಎಂಬ ಸಂದೇಶವನ್ನೇ ಕೇಳುತ್ತ ಬೆಳೆದ ಮಗು ಕೊನೆಗೆ ಅದನ್ನೇ ನಂಬತೊಡಗುತ್ತದೆ. ಹೊರಗಿನವರ ತಿರಸ್ಕಾರ ಒಳಗಿನ ಆತ್ಮತಿರಸ್ಕಾರವಾಗಿ ಮಾರ್ಪಡುತ್ತದೆ. ಅಸಮಾನತೆ ಮನುಷ್ಯನಿಗೆ ಮಾಡುವ ಅತಿ ದೊಡ್ಡ ಗಾಯ ಇದು.

ಸಂತ ತೋಮಸ್ ಅಕ್ವಿನಾಸರು ದುಃಖದ ಪರಿಹಾರಗಳನ್ನು ವಿವೇಚಿಸುವಾಗ ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಚಿಂತನೆ ಮುಂತಾದವುಗಳೊಂದಿಗೆ ನಿದ್ರೆ ಮತ್ತು ಸ್ನಾನವನ್ನೂ ಹೆಸರಿಸುತ್ತಾರೆ. ದೈವಶಾಸ್ತ್ರದ ಮಹಾಗ್ರಂಥವೊಂದರಲ್ಲಿ ಸ್ನಾನದ ಮಾತೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ದೇಹ ಮತ್ತು ಆತ್ಮ ಸೇರಿಯೇ ಒಬ್ಬ ಮನುಷ್ಯ ಎಂಬುದು ಅವರ ತತ್ವದ ಅಡಿಗಲ್ಲು. ಸದ್ಗುಣದಿಂದ ಬಾಳಲು ದೇಹಕ್ಕೆ ಬೇಕಾದ ವಸ್ತುಗಳು ಸಾಕಷ್ಟಿರಬೇಕೆಂದೂ ಅವರು ಬೇರೊಂದೆಡೆ ಹೇಳಿದ್ದಾರೆ. ಈಗ ಆಲೋಚಿಸೋಣ: ಸ್ನಾನಕ್ಕೆ ಬಾವಿ ಬೇಕು, ನಿದ್ರೆಗೆ ಸೋರದ ಸೂರು ಬೇಕು, ಸಹಾನುಭೂತಿಗೆ ಹತ್ತಿರ ಬಂದು ಕುಳಿತುಕೊಳ್ಳುವ ಸ್ನೇಹಿತ ಬೇಕು. ಬಾವಿಯನ್ನು ಮುಟ್ಟಗೊಡದ, ಸೂರನ್ನು ಕಟ್ಟಗೊಡದ, ಹತ್ತಿರ ಸುಳಿಯಗೊಡದ ಸಮಾಜವೊಂದು ಕೆಲವರಿಗೆ ದುಃಖವನ್ನು ಕೊಟ್ಟದ್ದಲ್ಲದೆ ಅದರ ಮದ್ದನ್ನೂ ಕಿತ್ತುಕೊಂಡಿತ್ತು.

ರಂಗರಾಯರ ಕಣ್ಣು ತೆರೆಸಿದ್ದು ಅವರು ದುಡಿಯುತ್ತಿದ್ದ ನ್ಯಾಯಾಲಯದ ಆವರಣವೇ ಎಂದು ಹೇಳಲಾಗುತ್ತದೆ. ಅಕ್ಷರ ಕಲಿತ ದಲಿತ ಯುವಕನೊಬ್ಬನಿಗೆ ಅಲ್ಲಿ ಜವಾನನ ಕೆಲಸ ದೊರೆತಾಗ ಎದ್ದ ಗದ್ದಲ ಅವರ ಮನಸ್ಸನ್ನು ಕಲಕಿತು. ನ್ಯಾಯ ಕೊಡುವ ಕಟ್ಟಡದೊಳಗೇ ಒಬ್ಬ ಮನುಷ್ಯ ಕಡತ ಮುಟ್ಟಬಾರದೆಂದರೆ ಆ ನ್ಯಾಯದ ಅರ್ಥವೇನು? ಇದೇ ಕಾಲಕ್ಕೆ ಮಂಗಳೂರಿನಲ್ಲಿ ಬ್ರಾಹ್ಮ ಸಮಾಜ ನೆಲೆಯೂರಿತ್ತು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಆರಂಭವಾಗಿದ್ದ ಆ ಸಮಾಜವನ್ನು ರಂಗರಾಯರು ಸೇರಿದರು. ಆದರೆ ಸಭೆಯಲ್ಲಿ ಸಮಾನತೆಯನ್ನು ಒಪ್ಪಿಕೊಳ್ಳುವುದು ಒಂದು, ಬೀದಿಯಲ್ಲಿ ಅದನ್ನು ಆಚರಿಸುವುದು ಇನ್ನೊಂದು ಎಂಬುದು ಅವರಿಗೆ ಗೊತ್ತಿತ್ತು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಇದಕ್ಕೆ ಕೇವಲ ಒಂದು ವರ್ಷ ಮೊದಲು, 1891ರ ಮೇ ತಿಂಗಳಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ಶ್ರಮಿಕರ ಸ್ಥಿತಿಗತಿಯ ಕುರಿತು ರೇರುಮ್ ನೊವಾರುಮ್ ಎಂಬ ಪರಿಪತ್ರವನ್ನು ಹೊರಡಿಸಿದ್ದರು. ರೋಮಿನ ಪತ್ರಕ್ಕೂ ಚಿಲಿಂಬಿಯ ಶಾಲೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ದುಡಿಯುವ ಬಡವನಿಗೆ ಘನತೆಯೊಂದಿದೆ, ಅದನ್ನು ತುಳಿಯುವ ಹಕ್ಕು ಯಾರಿಗೂ ಇಲ್ಲ ಎಂಬ ಒಂದೇ ಸತ್ಯ ಆ ಎರಡು ಕಡೆಗಳಲ್ಲೂ ಬಾಯಿ ತೆರೆಯಿತೆಂದು ಹೇಳಬಹುದು.

ಶಾಲೆ ತೆರೆಯುವುದು ಸುಲಭವಾಗಿತ್ತು, ನಡೆಸುವುದು ಕಷ್ಟವಾಯಿತು. ಮೇಲ್ಜಾತಿಯ ಶಿಕ್ಷಕರು ಆ ಮಕ್ಕಳಿಗೆ ಪಾಠ ಹೇಳಲು ಒಪ್ಪಲಿಲ್ಲ. ಆಗ ಅಲ್ಲಿಗೆ ಕ್ರೈಸ್ತ ಶಿಕ್ಷಕರು ಬಂದರು. ಹಾಗೆ ಬಂದವರಿಗೂ ಊರವರ ಕಿರುಕುಳ ತಪ್ಪಲಿಲ್ಲ. ನಮ್ಮ ಧರ್ಮಬಾಂಧವರಲ್ಲಿ ಕೆಲವರು ಆ ಗುಡಿಸಲ ಮಕ್ಕಳ ಪಕ್ಕದಲ್ಲಿ ಕುಳಿತು ಸ್ಲೇಟು ತಿದ್ದಿದರೆಂಬುದು ನಮಗೆ ಸಮಾಧಾನ ಕೊಡುವ ಸಂಗತಿ. ಆದರೆ ಅದನ್ನೇ ಹೇಳಿಕೊಂಡು ಹೆಮ್ಮೆಪಡುವಂತಿಲ್ಲ. ಜಾತಿಯ ಲೆಕ್ಕಾಚಾರ ನಮ್ಮ ಕೊಂಕಣಿ ಕಥೋಲಿಕ ಮನೆಗಳ ಮದುವೆ ಮಾತುಕತೆಯನ್ನೂ ಬಿಟ್ಟಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ.

ಮಕ್ಕಳನ್ನು ಶಾಲೆಗೆ ತರುವುದು ಇನ್ನೂ ಕಷ್ಟವಾಗಿತ್ತು. ದಿನದ ಕೂಲಿಯಿಂದ ದಿನದ ಗಂಜಿ ಕಾಣುವ ಮನೆಯಲ್ಲಿ ಮಗುವಿನ ಕೈಯೂ ದುಡಿಯುವ ಕೈಯೇ. ಆದ್ದರಿಂದ ರಂಗರಾಯರು ಶಾಲೆಗೆ ಬರುವ ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ದಿನಕ್ಕೆ ಎರಡು ಪೈಸೆಯಂತೆ ಕೊಟ್ಟರು. ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲಿನ ಮಾತಿದು. ವಿದ್ಯೆಯ ಮಹತ್ವವನ್ನು ಉಪದೇಶಿಸಿ ಅವರು ಸುಮ್ಮನಾಗಲಿಲ್ಲ. ಹಸಿವಿನ ಚಿಂತೆ ಬುದ್ಧಿಯ ಜಾಗವನ್ನು ತುಂಬಿಕೊಂಡಿರುವಾಗ ಅಲ್ಲಿ ಅಕ್ಷರಕ್ಕೆ ಸ್ಥಳವಿರುವುದಿಲ್ಲವೆಂದು ಅವರು ಅರಿತಿದ್ದರು.

ಈ ಅರಿವನ್ನು ಇಂದಿನ ಸಂಶೋಧನೆಯೂ ಎತ್ತಿಹಿಡಿಯುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕೊಯ್ಲಿನ ನಂತರ ಹಣ ಬಂದಾಗ ಇನ್ನೊಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯ, ಅದೇ ಬುದ್ಧಿ. ಆದರೆ ಹಣದ ಮುಗ್ಗಟ್ಟಿನ ದಿನಗಳಲ್ಲಿ ಅವನ ಗಮನವೂ ವಿವೇಚನೆಯೂ ಕುಂದಿದ್ದವು. ಹೀಗಿರುವಾಗ ಬಡವನಿಗೆ ದೂರದೃಷ್ಟಿಯಿಲ್ಲ ಎಂದು ನಾವು ಸುಲಭವಾಗಿ ದೂರುವುದುಂಟು. ಆ ದೃಷ್ಟಿಯನ್ನು ಮಂಕಾಗಿಸಿದ್ದು ಬಡತನವೇ ಇರಬಹುದೆಂದು ಯೋಚಿಸುವುದು ಕಡಿಮೆ.

ಇನ್ನೊಂದು ಪ್ರಯೋಗ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಈ ಶತಮಾನದ ಆರಂಭದಲ್ಲಿ ನಡೆಯಿತು. ಆರು ನೂರಕ್ಕೂ ಹೆಚ್ಚು ಬಾಲಕರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಬಿಡಿಸಲು ಕೊಡಲಾಯಿತು. ಜಾತಿಯ ಪ್ರಸ್ತಾಪವಿಲ್ಲದಿದ್ದಾಗ ದಲಿತ ಬಾಲಕರು ಮೇಲ್ಜಾತಿಯ ಬಾಲಕರಷ್ಟೇ ಚೆನ್ನಾಗಿ ಬಿಡಿಸಿದರು. ಎಲ್ಲರ ಮುಂದೆ ಅವರವರ ಜಾತಿಯನ್ನು ಹೇಳಿದ ಕೂಡಲೇ ದಲಿತ ಬಾಲಕರ ಸಾಧನೆ ಗಣನೀಯವಾಗಿ ಇಳಿಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಹೆಸರಿಸಿದ್ದಷ್ಟೇ ಸಾಕಾಯಿತು. ಚಿಲಿಂಬಿಯ ಶಾಲೆಯಲ್ಲಿ ಕುಳಿತ ಮಕ್ಕಳಿಗೆ ದೊರೆತ ನಿಜವಾದ ಉಪಕಾರ ಇದರಿಂದ ಸ್ಪಷ್ಟವಾಗುತ್ತದೆ. ದಿನದ ಕೆಲವು ಗಂಟೆಗಳ ಮಟ್ಟಿಗಾದರೂ ಅವರು ಯಾರ ಕಣ್ಣಿಗೂ ಕಲ್ಮಶವಾಗಿರಲಿಲ್ಲ.

1897ರಲ್ಲಿ ರಂಗರಾಯರು ತಮ್ಮ ಕಾರ್ಯಕ್ಕೆ ಸಂಸ್ಥೆಯ ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮಂಗಳೂರಿನ ಹಲವು ಭಾಗಗಳಲ್ಲಿ, ಮುಂದೆ ಮುಲ್ಕಿ, ಉಡುಪಿಗಳಲ್ಲಿಯೂ ಶಾಲೆಗಳು ಆರಂಭವಾದವು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳ ತರಬೇತಿ ಸೇರಿತು. ನೆಲೆಯಿಲ್ಲದವರಿಗೆ ಜಾಗ ಒದಗಿಸಿ ಮನೆ ಕಟ್ಟಿಸುವ ಕೆಲಸ ನಡೆಯಿತು. ಸಾಲದ ಸುಳಿಯಿಂದ ಪಾರಾಗಲು ಸಹಕಾರ ಸಂಘ ಹುಟ್ಟಿಕೊಂಡಿತು. ಸ್ಥಳೀಯ ಆಡಳಿತ ಮಂಡಳಿಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ಬೇಕೆಂದು ಅವರು ಪಟ್ಟುಹಿಡಿದರು. ಅವರ ಗರಡಿಯಲ್ಲಿ ಬೆಳೆದ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅಂಥ ಸ್ಥಾನಗಳಲ್ಲಿ ಕುಳಿತರು.

ಈ ಪಟ್ಟಿಯನ್ನು ಓದುಗರು ಇನ್ನೊಮ್ಮೆ ಗಮನಿಸಬೇಕು. ಅನ್ನ, ಅಕ್ಷರ, ಕಸುಬು, ಮನೆ, ಸಾಲದಿಂದ ಮುಕ್ತಿ, ಸಭೆಯಲ್ಲೊಂದು ಕುರ್ಚಿ. ಒಂದೊಂದೂ ಒಂದೊಂದು ಭಯವನ್ನು ಕಳೆಯುತ್ತದೆ. ಅನ್ನ ನಾಳೆಯ ಭಯವನ್ನು, ಅಕ್ಷರ ಮೋಸದ ಭಯವನ್ನು, ಕಸುಬು ಧಣಿಯ ಭಯವನ್ನು, ಮನೆ ಒಕ್ಕಲೆಬ್ಬಿಸುವವರ ಭಯವನ್ನು, ಕುರ್ಚಿ ಮಾತನಾಡುವ ಭಯವನ್ನು ಕಳೆಯುತ್ತದೆ. ಭಯವೊಂದೊಂದು ಕಳಚಿದಂತೆ ಬೆನ್ನು ನೆಟ್ಟಗಾಗುತ್ತದೆ. ಕುಗ್ಗಿದವರನ್ನು ಸಂತೈಸುವ ಮಾತುಗಳಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿರಲಿಲ್ಲ. ಕುಗ್ಗಿಸುವ ಭಾರವನ್ನು ಇಳಿಸುವವರಿಗೆ ಬರವಿತ್ತು. ರಂಗರಾಯರು ಆ ಎರಡನೆಯ ಸಾಲಿಗೆ ಸೇರಿದವರು.

ಇದರ ಬೆಲೆಯನ್ನು ಅವರು ತೆರದೆ ಇರಲಿಲ್ಲ. ಜಾತಿಬಾಂಧವರು ಅವರನ್ನು ಬಹಿಷ್ಕರಿಸಿದರು. ಊರಿಗೆ ಬೇಕಾಗಿದ್ದ ವಕೀಲರು ಊರಿಗೆ ಬೇಡವಾದರು. ಬಹಿಷ್ಕಾರವೆಂದರೆ ಬರಿಯ ಆಮಂತ್ರಣ ತಪ್ಪುವುದಲ್ಲ. ಮನೆಯ ಹೆಂಗಸರ ಜೊತೆ ಮಾತನಾಡುವವರಿಲ್ಲದಿರುವುದು, ಮಕ್ಕಳಿಗೆ ಆಟದ ಜೊತೆಯಿಲ್ಲದಿರುವುದು, ಕಷ್ಟದ ರಾತ್ರಿಯಲ್ಲಿ ಬಾಗಿಲು ತಟ್ಟುವವರಿಲ್ಲದಿರುವುದು. ಅಸ್ಪೃಶ್ಯರು ಪ್ರತಿನಿತ್ಯ ಉಣ್ಣುತ್ತಿದ್ದ ಕಹಿಯ ಒಂದು ಪಾಲನ್ನು ಅವರ ಮನೆಯೂ ಉಂಡಿತು. ವ್ಯತ್ಯಾಸವಿಷ್ಟೇ: ಅವರು ಅದನ್ನು ತಾವಾಗಿ ಆಯ್ದುಕೊಂಡಿದ್ದರು, ಮತ್ತು ಬೇಕೆಂದಾಗ ಹಿಂದಿರುಗಬಹುದಿತ್ತು. ಅವರು ಹಿಂದಿರುಗಲಿಲ್ಲ. ಆ ಮನೆಯಲ್ಲಿ ಬೆಳೆದ ಮಗಳು ರಾಧಾಬಾಯಿ ಮದ್ರಾಸಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ, ಅನ್ಯಜಾತಿಯ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದ ಮೊದಲ ಮಹಿಳೆಯೆನಿಸಿದರು.

ವಯಸ್ಸಾಗಿ ಆರೋಗ್ಯ ಕುಂದಿದಾಗ ರಂಗರಾಯರು ಮಿಷನ್ನಿನ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂದು ಅವರು ಬಯಸಿದ್ದರು; ಅದು ಹಾಗೆಯೇ ನಡೆಯಿತು. ಜೀವಂತವಿದ್ದಾಗ ಯಾರ ನೆರಳನ್ನೂ ಸಮಾಜ ಒಲ್ಲದೆ ಹೋಯಿತೋ ಅವರ ಕೈಯೇ ತಮ್ಮ ದೇಹವನ್ನು ಕೊನೆಯದಾಗಿ ಮುಟ್ಟಲೆಂಬುದು ಅವರ ಹಂಬಲ. ಅವರ ಸಮಾಧಿ ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿದೆ.

ಅವರ ಇನ್ನೊಂದು ಆಸೆ ಜನಜನಿತವಾಗಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ, ಊರ ರಸ್ತೆಯಲ್ಲಿ ಮೋಟಾರಿನಲ್ಲಿ ಸಾಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಬಾಳು ಸಾರ್ಥಕವೆಂದು ಅವರು ತಿಳಿದಿದ್ದರು. ಈ ಆಸೆಯ ಆಳವನ್ನು ನಾವು ಧ್ಯಾನಿಸಬೇಕು. ಸಾಮಾನ್ಯವಾಗಿ ಉಪಕಾರ ಮಾಡಿದವರು ಉಪಕಾರ ಪಡೆದವನ ಕೃತಜ್ಞತೆಯನ್ನು ನಿರೀಕ್ಷಿಸುತ್ತಾರೆ. ಆತ ಬಂದು ಕೈ ಮುಗಿಯಲಿ, ನಮ್ಮಿಂದಲೇ ಬೆಳೆದೆನೆಂದು ನಾಲ್ವರ ಮುಂದೆ ಹೇಳಲಿ ಎಂದು ಬಯಸುತ್ತಾರೆ. ಅಂಥ ಉಪಕಾರ ಹೊಟ್ಟೆಯನ್ನು ತುಂಬಿಸಿದರೂ ಮನಸ್ಸನ್ನು ಕೆಳಗೇ ಇರಿಸುತ್ತದೆ. ರಂಗರಾಯರು ಬಯಸಿದ್ದು ಇದಕ್ಕೆ ಪೂರ್ತಿ ವಿರುದ್ಧವಾದುದನ್ನು. ಆ ಮಗು ಮೇಲಿರಲಿ, ತಾವು ಕೆಳಗಿರೋಣ. ಅದು ತಮ್ಮನ್ನು ಗುರುತಿಸದೆ ಮುಂದೆ ಸಾಗಿದರೂ ಸರಿ. ಅವಮಾನದ ಗಾಯಕ್ಕೆ ಇದಕ್ಕಿಂತ ಮಿಗಿಲಾದ ಔಷಧಿ ಇಲ್ಲ.

1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಕಾರ್ಯವನ್ನು ಕಂಡು ಮೆಚ್ಚಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೆ ಬಡತನ ಮತ್ತು ಮನೋವ್ಯಾಧಿಯ ನಂಟು ಕಡಿದುಹೋಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಆಗ ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಕಡಿಮೆ ಆದಾಯದ, ಕಡಿಮೆ ಓದಿನ ಮನೆಗಳಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಬಳಲುವವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಈ ಮಾತು ನಮ್ಮ ಬೆಳ್ಮಣ್ಣಿನ ಮನೆಗಳಿಗೂ ಸಲ್ಲುತ್ತದೆ. ಒಂದೇ ವಾಳೆಯಲ್ಲಿ ಕೊಲ್ಲಿಯ ಹಣದಿಂದೆದ್ದ ಮಹಡಿ ಮನೆಯೂ ಇದೆ, ಬೀಡಿ ಕಟ್ಟಿ ಬದುಕುವ ಮನೆಯೂ ಇದೆ. ಇಬ್ಬರೂ ಒಂದೇ ಇಗರ್ಜಿಗೆ ಬರುತ್ತಾರೆ, ಇಬ್ಬರ ಮಕ್ಕಳೂ ಒಂದೇ ದಿನ ಮೊದಲ ಪರಮಪ್ರಸಾದ ಸ್ವೀಕರಿಸುತ್ತಾರೆ. ಬಡಮನೆಯ ತಾಯಿಗೆ ಅಂದು ಸಂತೋಷಕ್ಕಿಂತ ಬಟ್ಟೆಯ, ಊಟದ, ನಾಲ್ವರ ಮಾತಿನ ಚಿಂತೆಯೇ ಹೆಚ್ಚಾಗಿರುತ್ತದೆ. ಮಗಳ ರೋಸು, ಮದುವೆಗೆ ನೆರೆಮನೆಯವರ ಸಮಕ್ಕೆ ಮಾಡಬೇಕೆಂದು ಎತ್ತಿದ ಸಾಲ ತಂದೆಯ ನಿದ್ರೆಯನ್ನು ವರ್ಷಗಟ್ಟಲೆ ಕದಿಯುತ್ತದೆ. ನಿದ್ರೆ ಹೋದವನು ಮದ್ಯದ ಮೊರೆ ಹೋಗುತ್ತಾನೆ. ಆಗ ನಾವೆಲ್ಲ ಅವನನ್ನು ಕುಡುಕನೆಂದು ಕರೆಯುತ್ತೇವೆ. ಸಾಲ ಯಾರಿಗೂ ಕಾಣುವುದಿಲ್ಲ, ಕುಡಿತ ಎಲ್ಲರಿಗೂ ಕಾಣುತ್ತದೆ.

ನಮ್ಮವರಲ್ಲಿ ಅನೇಕರ ಅಜ್ಜಂದಿರು ಗೇಣಿ ಒಕ್ಕಲುಗಳಾಗಿದ್ದವರು. ಧಣಿಗಳ ಅಂಗಳದಲ್ಲಿ ತಲೆಗೆ ಸುತ್ತಿದ ಬೈರಾಸು ಕೈಗೆ ತೆಗೆದುಕೊಂಡು ನಿಂತವರು. 1974ರ ಭೂಸುಧಾರಣೆಯಿಂದ ಉಳುವ ಗದ್ದೆ ಸ್ವಂತದ್ದಾದಾಗ ಕೈಗೆ ಬಂದದ್ದು ಭೂಮಿಯೊಂದೇ ಅಲ್ಲ, ಒಕ್ಕಲೆಬ್ಬಿಸುವರೆಂಬ ಭಯವಿಲ್ಲದ ರಾತ್ರಿಯೂ ಹೌದು. ಈ ನೆನಪಿರುವ ಕುಟುಂಬಗಳಿಗೆ ರಂಗರಾಯರ ಕೆಲಸದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆ ನೆನಪು ಮಾಸಿದ ಮೇಲೆಯೇ ನಾವು ಬಡ ನೆರೆಯವನ ಖಿನ್ನತೆಯನ್ನು ಸೋಮಾರಿತನವೆಂದೋ ವಿಶ್ವಾಸದ ಕೊರತೆಯೆಂದೋ ಕರೆಯತೊಡಗುವುದು. ಪ್ರಾರ್ಥನೆ ಬೇಕು; ಅದು ಒಂಟಿ ಮನಸ್ಸಿಗೆ ದೇವರ ಸಾಂಗತ್ಯ ಕೊಡುತ್ತದೆ. ಆದರೆ ಸಾಲಗಾರ ಬಾಗಿಲಲ್ಲಿ ನಿಂತಿರುವ ಮನೆಯವರಿಗೆ ಬರಿಯ ಜಪಸರವನ್ನು ಕೊಟ್ಟು ಹಿಂದಿರುಗುವುದು ನೆರೆಪ್ರೀತಿಯಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮಹತ್ಕಾರ್ಯಗಳೇನೂ ಬೇಡ. ಬಡ ಮಗುವಿನ ಶಾಲಾ ಶುಲ್ಕ ಕಟ್ಟುವವರು ಅದನ್ನು ಸದ್ದಿಲ್ಲದೆ ಕಟ್ಟಲಿ. ಸಹಾಯ ಪಡೆದವರನ್ನು ವೇದಿಕೆಗೆ ಕರೆದು ಫೋಟೋ ತೆಗೆಯುವ ಪದ್ಧತಿ ನಿಲ್ಲಲಿ. ಅನುಕೂಲಸ್ಥರು ತಮ್ಮ ಮದುವೆಗಳನ್ನು ಸರಳವಾಗಿ ಮಾಡಲಿ. ಅದು ಇಲ್ಲದವರಿಗೆ ಮಾಡುವ ಬಹುದೊಡ್ಡ ದಾನ. ವಾಳೆಯ ಸಭೆಯಲ್ಲಿ ಬಡವರು ಮಾತನಾಡುವಾಗ ಕೇಳಿಸಿಕೊಳ್ಳುವ ಅಭ್ಯಾಸ ನಮಗಾಗಲಿ. ಮನಸ್ಸು ಕೆಟ್ಟವರನ್ನು ಮನೆಯೊಳಗೆ ಮುಚ್ಚಿಡದೆ ವೈದ್ಯರ ಬಳಿಗೆ ಕರೆದೊಯ್ಯಲು ಒಬ್ಬರು ಜೊತೆಯಾಗಲಿ. ಬಡತನ ರೇಖೆಗಿಂತ ಕೆಳಗಿನವರಿಗೆ ಸರಕಾರಿ ವ್ಯವಸ್ಥೆಯಲ್ಲಿ ಉಚಿತ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕೊಟ್ಟಿದೆ. ಟೆಲಿ ಮಾನಸ್ ಎಂಬ ಸೇವೆ 2022ರಿಂದ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆಯನ್ನು ಓದುಗರು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ರಂಗರಾಯರು ನಮ್ಮ ಧರ್ಮಕ್ಕೆ ಸೇರಿದವರಲ್ಲ. ಆದರೆ ಹಸಿದವನಿಗೆ ಊಟ ಕೊಟ್ಟವನನ್ನು, ಹೊರಗಿಟ್ಟವನನ್ನು ಒಳಗೆ ಕರೆದವನನ್ನು ಪ್ರಭು ಯೇಸು ಕೊನೆಯ ತೀರ್ಪಿನ ದಿನ ಯಾವ ಬದಿಗೆ ನಿಲ್ಲಿಸುವರೆಂಬುದನ್ನು ಶುಭಸಂದೇಶ ಓದುವ ನಾವು ಬಲ್ಲೆವು. ಅವರನ್ನು ಗೌರವಿಸಬೇಕೆಂದಿದ್ದರೆ ಪುರಭವನದ ಹೆಸರನ್ನು ಓದಿ ಮುಂದೆ ಹೋದರೆ ಸಾಲದು. ನಮ್ಮ ವಾಳೆಯಲ್ಲಿ ತಲೆ ತಗ್ಗಿಸಿ ನಡೆಯುವವರು ಯಾರು, ಅವರ ತಲೆ ತಗ್ಗಲು ನಮ್ಮ ಪಾಲೆಷ್ಟು ಎಂದು ಈ ವಾರ ಪ್ರತಿಯೊಂದು ಮನೆಯೂ ತನ್ನನ್ನು ತಾನೇ ಕೇಳಿಕೊಳ್ಳಲಿ.